ವಿದೇಶದ ಫ್ರೇಮು, ಕಲಬುರಗಿಯ ಆರ್‌ಸಿ: ಹಳೆಯ ಬೈಕಿನ ಚಾಸಿ ಬದಲಿಸುವವರ ಮುಂದಿರುವ ಲೆಕ್ಕ

ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ಹೊರಳಿಸಿ, ಟ್ಯಾಂಕಿನ ಮುಂದಿನ ಸಂದಿಯಲ್ಲಿ ಕಾಣುವ ದಪ್ಪ ಕೊಳವೆಯ ಮೇಲಿನ ಜಿಡ್ಡನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತೆಳ್ಳನೆಯ ಬಿಳಿ ಕಾಗದ ಇಟ್ಟು, ಪೆನ್ಸಿಲ್ಲಿನ ಮೊನೆಯನ್ನು ಅಡ್ಡಲಾಗಿ ಹಿಡಿದು ಉಜ್ಜಿದರೆ ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಹಳೆಯ ಗಾಡಿಯ ನೋಂದಣಿ ನವೀಕರಣಕ್ಕೆ ಓಡಾಡಿದವರಿಗೆಲ್ಲ ಪರಿಚಯವಿರುವ ಪೆನ್ಸಿಲ್ ಪ್ರಿಂಟ್ ಇದೇ. ಎಂಜಿನ್ನು, ಟ್ಯಾಂಕು, ಗಾಲಿ, ಸೀಟು ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಗಾಡಿ ಅದೇ ಗಾಡಿಯಾಗಿ ಉಳಿಯುತ್ತದೆ. ಆದರೆ ಆ ಅಂಕಿಗಳನ್ನು ಹೊತ್ತ ಚಾಸಿ, ಅಂದರೆ ಗಾಡಿಯ ಫ್ರೇಮು, ಹೋಯಿತೆಂದರೆ ಸಾರಿಗೆ ಕಚೇರಿಯ ಕಣ್ಣಿಗೆ ಉಳಿದದ್ದೆಲ್ಲ ಬಿಡಿಭಾಗಗಳ ರಾಶಿ.

ನಮ್ಮ ಕಾಕಾ 1986ರಲ್ಲಿ ಕೊಂಡ ರಾಜದೂತ್ 350ಕ್ಕೆ ಕಳೆದ ಬೇಸಿಗೆಯಲ್ಲಿ ಈ ಗತಿ ಬಂತು. ಯಮಾಹಾದ ಆರ್‌ಡಿ 350 ಮಾದರಿಯನ್ನು ಆಧರಿಸಿ, ಮುಂದಿನ ಗಾಲಿಗೆ ಡಿಸ್ಕ್ ಬದಲು ಡ್ರಮ್ ಬ್ರೇಕ್ ಕೊಟ್ಟು, ಎಸ್ಕಾರ್ಟ್ಸ್ ಕಂಪನಿಯು 1983ರಿಂದ ಆ ದಶಕದ ಕೊನೆಯವರೆಗೆ ಫರೀದಾಬಾದಿನಲ್ಲಿ ತಯಾರಿಸಿದ ಈ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಗಾಡಿಗೆ ಈಗ ಕಂಪನಿಯಿಂದ ಚಾಸಿ ಸಿಗುವ ಮಾತೇ ಇಲ್ಲ. ಹುಮನಾಬಾದ್ ರಸ್ತೆಯ ಕಡೆಗಿರುವ ಗ್ಯಾರೇಜಿನಲ್ಲಿ ಮಿಸ್ತ್ರಿ, ಹಿಂದಿನ ಗಾಲಿಯನ್ನು ಹಿಡಿದಿಡುವ ಕವಲಾದ ಚಿಮ್ಟಾ ಕೂರುವ ಜಾಗದ ಬಣ್ಣವನ್ನು ಎಮರಿ ಹಾಳೆಯಿಂದ ಕೆರೆದು, ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂತೆ ಓಡಿದ ಸೀಳನ್ನು ತೋರಿಸಿ, “ನೋಡ್ರಿ ಸಾಹೇಬ್ರ, ಇಲ್ಲಿ ಬೆಸುಗಿ ಹಾಕಿದ್ರ ಬಾಜೂಕ ಮತ್ತ ಸೀಳ್ತದ, ಪೈಪ್ ಒಳಗಿಂದ್ಲೇ ತುಕ್ಕು ಹಿಡದದ” ಎಂದರು. ಸ್ಕ್ರೂ ಡ್ರೈವರಿನ ಹಿಡಿಯಿಂದ ಕೊಳವೆಯನ್ನು ಬಡಿದಾಗ ಮೇಲ್ಭಾಗದಲ್ಲಿ ಖಣಖಣ ಎನ್ನುತ್ತಿದ್ದ ಸದ್ದು ಕೆಳಗೆ ಬಂದಂತೆ ಮಂಕಾಯಿತು. ಅದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕಿರಲಿಲ್ಲ.

ಅಂದು ರಾತ್ರಿಯೇ ಕಾಕಾನ ಮಗ ಮೊಬೈಲಿನಲ್ಲಿ ಅಮೆರಿಕದ ಮಾರಾಟಗಾರನೊಬ್ಬನ ಚಿತ್ರ ತೋರಿಸಿದ. ಆರ್‌ಡಿ 350ಯ ಖಾಲಿ ಫ್ರೇಮು, ನೇರವಾಗಿದೆ, ತುಕ್ಕಿಲ್ಲ, ಜೊತೆಗೆ ಅಲ್ಲಿನ ನೋಂದಣಿ ಪತ್ರವೂ ಉಂಟು ಎಂಬ ಭರವಸೆ. ಇಲ್ಲಿನ ಗುಜರಿಯಲ್ಲಿ ಕಾಗದವಿಲ್ಲದ ಚಾಸಿ ಕೊಂಡು ಪೊಲೀಸರ ಕೈಗೆ ಬೀಳುವುದಕ್ಕಿಂತ, ಕಾನೂನುಬದ್ಧವಾಗಿ ನೋಂದಣಿಯಾದ ಫ್ರೇಮನ್ನು ಹೊರದೇಶದಿಂದಲೇ ತರಿಸಿದರೆ ತಪ್ಪೇನು ಎಂಬುದು ಅವನ ವಾದ. ಹಳೆಯ ಟೂ ಸ್ಟ್ರೋಕ್ ಗಾಡಿಗಳ ಬೆಲೆ ಏರುತ್ತಿರುವ ಈ ಕಾಲದಲ್ಲಿ ಇದೇ ವಾದವನ್ನು ಕಲಬುರಗಿ, ಬೀದರ್, ಯಾದಗಿರಿಗಳ ಅನೇಕ ತರುಣರು ಮಾಡುತ್ತಿದ್ದಾರೆ. ವಾದದಲ್ಲಿ ಅರ್ಧ ಸರಿಯಿದೆ. ಉಳಿದರ್ಧಕ್ಕೆ ತೆರಬೇಕಾದ ಬೆಲೆ ಫ್ರೇಮಿನ ಬೆಲೆಗಿಂತ ಹೆಚ್ಚಾಗಬಹುದು.

ಅಲ್ಲಿನ ಕಾಗದಕ್ಕೆ ಇಲ್ಲಿ ಎಷ್ಟು ಕಿಮ್ಮತ್ತು

ಹೊರದೇಶದ ಮಾರಾಟಗಾರ ‘ನೋಂದಣಿ ಪತ್ರ ಸಹಿತ’ ಎಂದಾಗ ಅವನು ಹೇಳುತ್ತಿರುವುದು ಅವನ ಊರಿನ ಮಾತು. ಅಮೆರಿಕದಲ್ಲಿ ‘ಟೈಟಲ್’ ಎನ್ನುವ ಒಡೆತನದ ಪತ್ರವನ್ನು ಆಯಾ ರಾಜ್ಯ ಸರ್ಕಾರವೇ ಕೊಡುತ್ತದೆ. ಹಳೆಯ ಬೈಕುಗಳ ಬಗ್ಗೆ ಒಂದು ರಾಜ್ಯದ ನಿಯಮ ಇನ್ನೊಂದಕ್ಕಿಲ್ಲ. ಅಪಘಾತದಲ್ಲಿ ವಿಮಾ ಕಂಪನಿ ಕೈಬಿಟ್ಟ ಗಾಡಿಯಾದರೆ ಅದೇ ಪತ್ರದ ಮೇಲೆ ಅದರ ಗುರುತು ಬೀಳುತ್ತದೆ. ಬ್ರಿಟನ್ನಿನಲ್ಲಿ ಕೊಡುವ ವಿ5ಸಿ ಎಂಬ ಪುಸ್ತಿಕೆಯ ಮೇಲೆಯೇ ಅದು ಒಡೆತನದ ಪುರಾವೆಯಲ್ಲ, ಗಾಡಿಯ ಹೊಣೆ ಹೊತ್ತವರ ದಾಖಲೆ ಮಾತ್ರ ಎಂದು ಮುದ್ರಿಸಿರುತ್ತದೆ. ಅಲ್ಲಿ ಬದಲಾವಣೆಗೊಂಡ ಗಾಡಿ ಹಳೆಯ ನಂಬರನ್ನು ಉಳಿಸಿಕೊಳ್ಳಲು ಎಂಟು ಅಂಕ ಗಳಿಸಬೇಕೆಂಬ ಪದ್ಧತಿ ಬಹುಕಾಲ ನಡೆದಿತ್ತು. ಆ ಲೆಕ್ಕದಲ್ಲಿ ಮೂಲ ಫ್ರೇಮಿಗೆ, ಇಲ್ಲವೇ ತಯಾರಕರಿಂದ ನೇರವಾಗಿ ಬಂದ ಮಾರ್ಪಡಿಸದ ಹೊಸ ಫ್ರೇಮಿಗೆ ಐದು ಅಂಕ. ಎಂಜಿನ್ನಿಗೆ ಒಂದೇ ಅಂಕ. ನಾವು ಎಂಜಿನ್ನನ್ನೇ ಗಾಡಿಯ ಜೀವ ಎಂದುಕೊಂಡಿರುತ್ತೇವೆ. ಕಾನೂನು ಮಾತ್ರ ಬಹುತೇಕ ಎಲುಬಿನ ಗೂಡನ್ನೇ ಎಣಿಸುತ್ತದೆ.

ಈ ಪತ್ರಗಳಿಂದ ನಮಗೆ ಆಗುವ ಒಂದೇ ಉಪಯೋಗವೆಂದರೆ ಫ್ರೇಮು ಕದ್ದ ಮಾಲಲ್ಲ ಎಂದು ತೋರಿಸುವುದು. ಅದು ಸಣ್ಣ ಉಪಯೋಗವೇನಲ್ಲ. ಕದ್ದದ್ದೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಅಪರಾಧ, ಕೊಂಡವನು ನಿರ್ದೋಷಿ ಎನ್ನಲು ಕಾಗದವೇ ಆಧಾರ. ಆದರೆ ಆ ಪತ್ರವನ್ನು ಕಲಬುರಗಿಯ ಸಾರಿಗೆ ಕಚೇರಿಯ ಕಿಟಕಿಯಲ್ಲಿಟ್ಟು ‘ಇದು ನೋಂದಣಿಯಾದ ಫ್ರೇಮು, ನನ್ನ ಆರ್‌ಸಿಗೆ ಸೇರಿಸಿ’ ಎಂದರೆ ಅಲ್ಲಿರುವವರು ಯಾವ ನಿಯಮದಡಿ ಸೇರಿಸಬೇಕು? ಕಾಕಾನ ಆರ್‌ಸಿಯಲ್ಲಿ ತಯಾರಕರ ಹೆಸರು ಎಸ್ಕಾರ್ಟ್ಸ್, ತಯಾರಾದ ವರ್ಷ 1986. ಅಮೆರಿಕದ ಫ್ರೇಮು ಜಪಾನಿನಲ್ಲಿ 1970ರ ದಶಕದಲ್ಲಿ ತಯಾರಾದದ್ದು. 1981ರ ಮಾದರಿಗಳಿಂದೀಚೆಗೆ ಅಮೆರಿಕದಲ್ಲಿ ಕಡ್ಡಾಯವಾದ 17 ಅಕ್ಷರಗಳ ಗುರುತಿನ ಸಂಖ್ಯೆಯೂ ಅದರ ಮೇಲಿಲ್ಲ, ಚಿಕ್ಕದೊಂದು ಸರಣಿ ಸಂಖ್ಯೆ ಅಷ್ಟೇ. ಹೊಸ ಗಾಡಿಯ ವಿಷಯದಲ್ಲಿ ಇದು ಇನ್ನೂ ನಿಚ್ಚಳ: ಸಂಖ್ಯೆಯ ಮೊದಲ ಮೂರು ಅಕ್ಷರಗಳೇ ದೇಶವನ್ನೂ ತಯಾರಕರನ್ನೂ ಹೇಳುವುದರಿಂದ, ‘ಎಂ’ ಅಕ್ಷರದಿಂದ ಶುರುವಾಗುವ ಭಾರತದ ಗಾಡಿಯ ದಾಖಲೆಯಲ್ಲಿ ‘ಜೆ’ ಅಕ್ಷರದಿಂದ ಶುರುವಾಗುವ ಜಪಾನಿನ ಸಂಖ್ಯೆ ಎದ್ದು ಕಾಣುತ್ತದೆ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಈ ವಿಷಯದ ಬೇರು. ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸಕೂಡದು ಎಂದು ಅದು ಹೇಳುತ್ತದೆ. ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಎಂದು ಮಾರ್ಪಾಡಿಗೆ ಅರ್ಥವನ್ನೂ ಕೊಡುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಉಂಟು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅದೇ 52ನೇ ಕಲಮು, ಹತ್ತಕ್ಕಿಂತ ಕಡಿಮೆಯಿಲ್ಲದ ಸಾರಿಗೆ ವಾಹನಗಳ ಮಾಲೀಕರು ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ನನ್ನು ಪೂರ್ವಾನುಮತಿ ಇಲ್ಲದೆಯೂ ಬದಲಿಸಲು ಸರ್ಕಾರ ಅವಕಾಶ ಕೊಡಬಹುದು ಎನ್ನುತ್ತದೆ. ಅಂದರೆ ಎಂಜಿನ್ ಸವೆಯುತ್ತದೆ, ಬದಲಿಸಬೇಕಾಗುತ್ತದೆ ಎಂಬ ಅರಿವು ಕಾಯ್ದೆ ಬರೆದವರಿಗೆ ಇತ್ತು. ಚಾಸಿಯ ಬಗ್ಗೆ ಅಂಥ ಸಲೀಸಾದ ಮಾತು ಅಲ್ಲಿಲ್ಲ.

ಹಾಗೆಂದು ಚಾಸಿ ಬದಲಿಸುವ ದಾರಿಯೇ ಮುಚ್ಚಿದೆ ಎಂದಲ್ಲ. ಈಗ ಉತ್ಪಾದನೆಯಲ್ಲಿರುವ ಗಾಡಿಗೆ ಅಪಘಾತದಲ್ಲಿ ಚಾಸಿ ಬಾಗಿದರೆ, ವಿಮಾ ಸರ್ವೇಯರನ ವರದಿ, ಅಧಿಕೃತ ಡೀಲರಿನ ಬಿಲ್ಲು, ಸಾರಿಗೆ ಕಚೇರಿಯ ಲಿಖಿತ ಅನುಮತಿ ಇವುಗಳನ್ನು ಮುಂದಿಟ್ಟುಕೊಂಡು ಕಂಪನಿಯಿಂದ ಹೊಸ ಚಾಸಿ ತರಿಸಿ ದಾಖಲೆಯಲ್ಲಿ ನಮೂದಿಸಿಕೊಳ್ಳುವುದು ನಡೆದುಬಂದಿದೆ. ರಿಪೇರಿ ಖರ್ಚು ವಿಮೆಯಲ್ಲಿ ಘೋಷಿಸಿದ ಮೌಲ್ಯದ ಶೇ 75ನ್ನು ಮೀರಿದರೆ ಕಂಪನಿ ಗಾಡಿಯನ್ನೇ ಪೂರ್ತಿ ನಷ್ಟವೆಂದು ಲೆಕ್ಕ ಹಾಕುತ್ತದೆ, ಅದು ಬೇರೆ ಮಾತು. ಈ ಏರ್ಪಾಟಿನಲ್ಲಿ ಎಲ್ಲವೂ ನಿಂತಿರುವುದು ತಯಾರಕರ ಬಿಲ್ಲಿನ ಮೇಲೆ. ತಯಾರಕರು ಕೈ ಎತ್ತಿದ ಗಾಡಿಗೆ ಆ ಬಿಲ್ಲನ್ನು ಕೊಡುವವರು ಯಾರು ಎಂಬುದೇ ನಮ್ಮಂಥವರ ತೊಡಕು.

ಮೂವತ್ತು ಸಾವಿರದ ಫ್ರೇಮು ಎಷ್ಟಕ್ಕೆ ಮನೆ ಸೇರುತ್ತದೆ

ಕಾಗದದ ಮಾತನ್ನು ಬದಿಗಿಟ್ಟು ಹಣದ ಲೆಕ್ಕಕ್ಕೆ ಬರೋಣ. ಹೊರದೇಶದಿಂದ ತರಿಸುವವರು ಮೊದಲು ಎಡವುವುದು ಇಲ್ಲಿಯೇ. ಖಾಲಿ ಫ್ರೇಮು ಹದಿನೈದು ಕಿಲೋದ ಆಸುಪಾಸು ತೂಗಬಹುದು. ಒಬ್ಬನೇ ಹೆಗಲ ಮೇಲೆ ಹೊತ್ತು ನಡೆಯುವಂಥ ವಸ್ತು. ಆದರೆ ಅಂತರರಾಷ್ಟ್ರೀಯ ಕೊರಿಯರ್ ಕಂಪನಿಗಳು ತಕ್ಕಡಿಯ ತೂಕಕ್ಕಷ್ಟೇ ದುಡ್ಡು ಕೇಳುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದಾಗ ಬರುವ ಅಂಕಿಯನ್ನು ‘ಗಾತ್ರದ ತೂಕ’ ಎಂದು ಹಿಡಿದು, ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ ಹಾಕುವುದು ಸಾಮಾನ್ಯ ಪದ್ಧತಿ. 110 ಸೆಂಟಿಮೀಟರ್ ಉದ್ದ, 70 ಎತ್ತರ, 50 ಅಗಲದ ಪೆಟ್ಟಿಗೆಯಾದರೆ ಲೆಕ್ಕ 77 ಕಿಲೋಗೆ ಬಂದು ನಿಲ್ಲುತ್ತದೆ. ಹದಿನೈದು ಕಿಲೋ ಕಬ್ಬಿಣ, ಅರವತ್ತೆರಡು ಕಿಲೋ ಗಾಳಿ! ಹತ್ತಿಯ ಅಂಡಿಗೆ ಹೇರುವ ನಮ್ಮ ಕಡೆಯ ಲಾರಿಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಮಾರಾಟಗಾರನನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಪೆಟ್ಟಿಗೆಯ ಅಳತೆಯದು. ಚಿಮ್ಟಾ, ಸ್ಟ್ಯಾಂಡು, ಫುಟ್‌ರೆಸ್ಟು ಇವನ್ನೆಲ್ಲ ಬಿಚ್ಚಿಸಿ ಅಗಲವನ್ನು ಹತ್ತು ಸೆಂಟಿಮೀಟರ್ ತಗ್ಗಿಸಿದರೂ 15 ಕಿಲೋದಷ್ಟು ಬಾಡಿಗೆ ಉಳಿಯುತ್ತದೆ.

ಸಮುದ್ರದ ದಾರಿ ಅಗ್ಗ ಎಂಬ ಮಾತಿದೆ, ಮತ್ತು ಅದು ಹಡಗಿನ ಬಾಡಿಗೆಯ ಮಟ್ಟಿಗೆ ನಿಜ. ಹಂಚಿಕೆಯ ಕಂಟೇನರಿನಲ್ಲಿ ಬಾಡಿಗೆಯನ್ನು ಘನ ಮೀಟರಿನ ಲೆಕ್ಕದಲ್ಲಿ ಹಾಕುತ್ತಾರೆ; ಮೇಲಿನ ಪೆಟ್ಟಿಗೆ 0.385 ಘನ ಮೀಟರ್ ಆದರೂ ಸಾಮಾನ್ಯವಾಗಿ ಕನಿಷ್ಠ ಒಂದು ಘನ ಮೀಟರಿನ ದುಡ್ಡು ಕೊಡಬೇಕು. ಮುಂಬೈ ಬಳಿಯ ನವಾ ಶೇವಾ ಬಂದರಿಗೆ ಬಂದಿಳಿದ ಮೇಲೆ ಡೆಲಿವರಿ ಆರ್ಡರ್, ಗೋದಾಮು, ಏಜೆಂಟರ ಶುಲ್ಕ ಎಂದು ಪಟ್ಟಿ ಬೆಳೆಯುತ್ತದೆ, ಕಾಗದ ತಡವಾದ ಪ್ರತಿ ದಿನಕ್ಕೂ ಗೋದಾಮಿನ ಬಾಡಿಗೆ ಏರುತ್ತದೆ. ಬಂದರು ಕಲಬುರಗಿಯಿಂದ ಒಂದು ರಾತ್ರಿಯ ರೈಲಿನ ದಾರಿ. ಪ್ರತಿ ಆಕ್ಷೇಪಕ್ಕೂ ಅಲ್ಲಿಗೆ ಓಡುವವರು ಯಾರು? ಒಂದೇ ಫ್ರೇಮು ತರಿಸುವವನಿಗೆ ಹಡಗು ಅಗ್ಗವಾಗುವುದು ಅಪರೂಪ. ನಾಲ್ಕೈದು ಜನ ಸೇರಿ ತರಿಸಿದರೆ ಆ ಮಾತೇ ಬೇರೆ, ಆದರೆ ಆಗ ಅದು ವೈಯಕ್ತಿಕ ಬಳಕೆಯ ಸರಕೆನಿಸದೆ ವ್ಯಾಪಾರವೆನಿಸಿ ಆಮದುದಾರರ ಕೋಡ್ ಬೇಕಾಗುತ್ತದೆ. ಕಟ್ಟಿಗೆಯ ಪೆಟ್ಟಿಗೆಯಾದರೆ ಕೀಟ ಬರದಂತೆ ಶಾಖಕೊಟ್ಟು ಸಂಸ್ಕರಿಸಿದ ಅಂತರರಾಷ್ಟ್ರೀಯ ಮುದ್ರೆ ಅದರ ಮೇಲಿರಬೇಕು, ಇಲ್ಲವಾದರೆ ಸರಕು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಗಟ್ಟಿ ರಟ್ಟಿನ ಪೆಟ್ಟಿಗೆಯೇ ವಾಸಿ.

ಇನ್ನು ಸುಂಕ. ಮೋಟಾರ್‌ಸೈಕಲ್ಲಿನ ಬಿಡಿಭಾಗಗಳು ಕಸ್ಟಮ್ಸ್ ಪಟ್ಟಿಯ 8714ನೇ ಶೀರ್ಷಿಕೆಯಡಿ ಬರುತ್ತವೆ. ಮೂಲ ಸುಂಕ ಶೇ 15, ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಮೇಲ್ತೆರಿಗೆ, ಸರಕಿನ ಮೌಲ್ಯಕ್ಕೆ ಇವೆರಡನ್ನೂ ಸೇರಿಸಿದ ಮೊತ್ತದ ಮೇಲೆ ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ. 2025ರ ಸೆಪ್ಟೆಂಬರ್ 21ರವರೆಗೆ ಶೇ 28 ಇದ್ದ ಐಜಿಎಸ್‌ಟಿ ಈಗ ಶೇ 18 ಆಗಿದೆ. ನೂರು ರೂಪಾಯಿಯ ಸರಕಿಗೆ 15, ಅದಕ್ಕೆ ಒಂದೂವರೆ, ಆದ 116.50ರ ಮೇಲೆ 20.97, ಒಟ್ಟು 37.47. ನೂರರ ಆ ಲೆಕ್ಕವನ್ನು ಹಾಕುವುದು ಫ್ರೇಮಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯನ್ನೂ ಕೂಡಿಸಿದ ಮೌಲ್ಯದ ಮೇಲೆ. ಇಲ್ಲಿ ವಿಮಾನದಲ್ಲಿ ತರಿಸುವವರಿಗೆ ಒಂದು ಅನುಕೂಲವಿದೆ: 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ ಪ್ರಕಾರ ವಿಮಾನ ಬಾಡಿಗೆ ಎಷ್ಟೇ ಆಗಿರಲಿ, ಮೌಲ್ಯಕ್ಕೆ ಸೇರಿಸುವುದು ಸರಕಿನ ಬೆಲೆಯ ಶೇ 20ರವರೆಗೆ ಮಾತ್ರ. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಶೇ 1.125 ಹಿಡಿಯುತ್ತಾರೆ.

ಲೆಕ್ಕಕ್ಕೆಂದು ಫ್ರೇಮಿನ ಬೆಲೆ 30,000 ರೂಪಾಯಿ, ಕೊರಿಯರ್ ಬಾಡಿಗೆ 25,000 ಎಂದುಕೊಳ್ಳೋಣ. ಸುಂಕಕ್ಕೆ ಹಿಡಿಯುವ ಮೌಲ್ಯ 30,000, ಬಾಡಿಗೆಯ ಬಾಬ್ತು 6,000, ವಿಮೆಯದು ಸುಮಾರು 338, ಒಟ್ಟು 36,338. ಅದರ ಮೇಲೆ ಸುಂಕ ಸುಮಾರು 13,616. ಮನೆ ಬಾಗಿಲಿಗೆ ಬರುವಾಗ 68,616, ಅದರ ಮೇಲೆ ಕೊರಿಯರಿನವರ ಬಿಡುಗಡೆ ಶುಲ್ಕ. ಕೊರಿಯರ್ ಕಂಪನಿಯು ಇದನ್ನು 8714ರ ಬದಲು ವೈಯಕ್ತಿಕ ಬಳಕೆಯ ಸರಕಿನ ಶೀರ್ಷಿಕೆಯಡಿ ದಾಖಲಿಸಿದರೆ ದರವೇ ಬೇರೆಯಾಗುತ್ತದೆ. ಯಾವ ಶೀರ್ಷಿಕೆಯಡಿ ಘೋಷಿಸುತ್ತೀರಿ ಎಂದು ಸರಕು ಹೊರಡುವ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳುವುದು ಜಾಣತನ.

ಇಷ್ಟೆಲ್ಲ ಲೆಕ್ಕ ಹೊಸ ಫ್ರೇಮಿನದು. ಮಾರಾಟಗಾರ ತೋರಿಸಿದ್ದು ಬಳಸಿದ ಫ್ರೇಮು, ಮತ್ತು ಕಾಕಾನ ಮಗನ ಯೋಜನೆ ನಿಜವಾಗಿ ಮುರಿದುಬಿದ್ದದ್ದು ಈ ಒಂದು ಪದದಲ್ಲಿ. 2023ರ ವಿದೇಶ ವ್ಯಾಪಾರ ನೀತಿಯ 2.31ನೇ ಕಂಡಿಕೆಯ ಪ್ರಕಾರ ಬಂಡವಾಳ ಸರಕುಗಳನ್ನು ಬಿಟ್ಟು ಉಳಿದ ಸೆಕೆಂಡ್ ಹ್ಯಾಂಡ್ ಸರಕುಗಳ ಆಮದು ‘ನಿರ್ಬಂಧಿತ’. ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯದ ಅನುಮತಿ ಪತ್ರವಿಲ್ಲದೆ ತರುವಂತಿಲ್ಲ. ‘ನೋಂದಣಿಯಾದ ಫ್ರೇಮು’ ಎಂಬ ಮಾತಿನ ವ್ಯಂಗ್ಯ ಇರುವುದು ಇಲ್ಲಿ: ಯಾವ ಪತ್ರವನ್ನು ನಾವು ಕಾನೂನಿನ ರಕ್ಷೆ ಎಂದುಕೊಂಡಿದ್ದೆವೋ, ಅದೇ ಪತ್ರ ಈ ವಸ್ತು ಹಿಂದೆ ರಸ್ತೆಯಲ್ಲಿ ಓಡಿದ್ದು, ಅಂದರೆ ಬಳಸಿದ್ದು, ಎಂದು ಕಸ್ಟಮ್ಸ್ ಅಧಿಕಾರಿಯ ಮುಂದೆ ಸಾಕ್ಷಿ ನುಡಿಯುತ್ತದೆ. ‘ಹೊಸದು’ ಎಂದೋ ‘ಉಡುಗೊರೆ’ ಎಂದೋ ಬರೆದು ಕಳಿಸುತ್ತೇನೆ, ಬೆಲೆ ಕಡಿಮೆ ತೋರಿಸುತ್ತೇನೆ ಎಂದು ಕೆಲವು ಮಾರಾಟಗಾರರು ತಾವಾಗಿಯೇ ಹೇಳುತ್ತಾರೆ. ಸುಳ್ಳು ಘೋಷಣೆಯ ಸರಕನ್ನು ಕಸ್ಟಮ್ಸ್ ಕಾಯ್ದೆ, 1962ರ 111ನೇ ಕಲಮಿನಡಿ ಮುಟ್ಟುಗೋಲು ಹಾಕಿಕೊಂಡು 112ರಡಿ ದಂಡ ವಿಧಿಸುವುದು ಅವನಿಗಲ್ಲ, ಆಧಾರ್ ಮತ್ತು ಪ್ಯಾನ್ ಕೊಟ್ಟು ಬಿಡಿಸಿಕೊಳ್ಳಲು ಹೋದ ನಮಗೆ.

ಹಾಗಾದರೆ ಹೊರದೇಶದಿಂದ ಸಲೀಸಾಗಿ ತರಬಹುದಾದದ್ದು ಯಾವುದು? ಹಳೆಯ ಮಾದರಿಗೆ ಹೊಸದಾಗಿ ತಯಾರಿಸಿದ, ಯಾವ ಸಂಖ್ಯೆಯನ್ನೂ ಒತ್ತಿರದ ಫ್ರೇಮು. ಜನಪ್ರಿಯ ಹಳೆಯ ಗಾಡಿಗಳಿಗೆ ಇಂಥವನ್ನು ಯುರೋಪಿನ ಕೆಲವು ಕಾರ್ಯಾಗಾರಗಳು ತಯಾರಿಸುತ್ತವೆ. ಅದು ಬಿಡಿಭಾಗ, ಅಷ್ಟೇ. ಅದಕ್ಕೆ ನೋಂದಣಿ ಇಲ್ಲ, ಇರಬೇಕಾಗಿಯೂ ಇಲ್ಲ. ತರಿಸುವ ಮೊದಲು ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು, ಮೂಲ ಚಾಸಿ ಕೆಟ್ಟಿರುವುದನ್ನು ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸಿ, ಬದಲಿಸಲು ಮತ್ತು ಸಂಖ್ಯೆ ಒತ್ತಿಸಲು ಲಿಖಿತ ಅನುಮತಿ ಪಡೆಯಬೇಕು. ಅನುಮತಿ ಸಿಕ್ಕೇ ಸಿಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಅದಕ್ಕೇ ಅರ್ಜಿ ಮೊದಲು, ಹಣ ಆಮೇಲೆ. ಎಷ್ಟೋ ಜನ ಇದನ್ನು ತಿರುವು ಮುರುವಾಗಿ ಮಾಡಿ, ಎಪ್ಪತ್ತು ಸಾವಿರ ಸುರಿದ ಫ್ರೇಮನ್ನು ಅಟ್ಟದ ಮೇಲಿಟ್ಟು ಕೂತಿದ್ದಾರೆ.

ಸಂಖ್ಯೆ ಉಳಿಸಿಕೊಂಡು ಕಬ್ಬಿಣ ಬದಲಿಸುವುದು

ಗ್ಯಾರೇಜುಗಳಲ್ಲಿ ಕೇಳಿಬರುವ ಇನ್ನೊಂದು ಸಲಹೆಯನ್ನು ನಿಧಾನವಾಗಿ ನೋಡಬೇಕು. ಕಾಕಾನ ಗಾಡಿಯ ಸ್ಟೀರಿಂಗ್ ಹೆಡ್, ಅಂದರೆ ಸಂಖ್ಯೆ ಇರುವ ಮುಂದಿನ ದಪ್ಪ ಕೊಳವೆ, ಗಟ್ಟಿಯಾಗಿದೆ, ಸಂಖ್ಯೆ ಸ್ಪಷ್ಟವಾಗಿದೆ; ಕೆಟ್ಟಿರುವುದು ಹಿಂಭಾಗ. ಆ ಹೆಡ್ಡನ್ನು ಉಳಿಸಿಕೊಂಡು ಹಿಂದಿನ ಕೊಳವೆಗಳನ್ನು ಬದಲಿಸಿದರೆ ಸಂಖ್ಯೆಯೂ ಅದೇ, ಆರ್‌ಸಿಯೂ ಅದೇ. ಇದು ರಿಪೇರಿ, ಮತ್ತು ಚೆನ್ನಾಗಿ ಮಾಡಿದರೆ ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ. ಕೆಲಸದ ಕಷ್ಟ ಬೆಸುಗೆಯಲ್ಲಿಲ್ಲ, ಅಳತೆಯಲ್ಲಿದೆ. ಬೆಸುಗೆಯ ಶಾಖಕ್ಕೆ ಕೊಳವೆ ಎಳೆದುಕೊಳ್ಳುತ್ತದೆ. ಚಿಮ್ಟಾದ ತೂತು ಎರಡು ಮಿಲಿಮೀಟರ್ ವಾರೆಯಾದರೆ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ, ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ. ಆದ್ದರಿಂದ ಹೆಡ್, ಎಂಜಿನ್ ಮೌಂಟು, ಚಿಮ್ಟಾದ ತೂತು ಮೂರನ್ನೂ ಕಬ್ಬಿಣದ ಚೌಕಟ್ಟಿಗೆ ಬಿಗಿದು ಹಿಡಿದಿಟ್ಟು ಕೆಲಸ ಮಾಡುವವರೇ ಬೇಕು. ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆಯ ಲೇತ್ ಕೆಲಸದವರಿದ್ದಾರೆ, ಆದರೆ ಬೈಕಿನ ಚಾಸಿಗೆಂದೇ ಜಿಗ್ ಎಂಬ ಅಂಥ ಚೌಕಟ್ಟು ಇಟ್ಟುಕೊಂಡವರನ್ನು ಹುಡುಕಲು ಹೈದರಾಬಾದಿನವರೆಗೆ ಹೋಗಬೇಕಾದೀತು. ಸುಮಾರು 220 ಕಿಲೋಮೀಟರ್, ಬೀದರಿನವರಿಗೆ ಇನ್ನೂ ಹತ್ತಿರ.

ಇದೇ ಸಲಹೆಯ ಬೆನ್ನಿಗೆ ಇನ್ನೊಂದು ಮಾತು ಅಂಟಿಕೊಂಡು ಬರುತ್ತದೆ: ‘ಬೇರೆ ಪೂರ್ತಿ ಚಾಸಿ ತಗೊಂಡು, ನಿಮ್ಮ ನಂಬರಿನ ತುಂಡನ್ನಷ್ಟೇ ಅದಕ್ಕೆ ಕೂಡಿಸಿಬಿಡೋಣ.’ ನೋಡುವವರಿಗೆ ಎರಡರ ಫಲವೂ ಒಂದೇ, ಆದರೆ ಎರಡನೆಯದು ಬೈಕ್ ಕಳ್ಳರು ಮಾಡುವ ಕೆಲಸದ ಪಡಿಯಚ್ಚು. ಗೆರೆ ಎಲ್ಲಿದೆ ಎಂದರೆ, ನನ್ನ ತಿಳಿವಳಿಕೆಯಲ್ಲಿ, ಯಾವ ದೇಹದ ಸಂಖ್ಯೆಯನ್ನು ಅಳಿಸಿದಿರಿ ಎಂಬ ಪ್ರಶ್ನೆಯಲ್ಲಿದೆ. ಹೊಸ ಕೊಳವೆಗೆ ಸಂಖ್ಯೆ ಇರಲಿಲ್ಲ, ಯಾವುದನ್ನೂ ಅಳಿಸಬೇಕಾಗಲಿಲ್ಲ. ಬೇರೆ ಚಾಸಿಯ ಹೆಡ್ ಕತ್ತರಿಸಿದಾಗ ಒಂದು ಗಾಡಿಯ ಗುರುತು ಇಲ್ಲವಾಯಿತು. ಉಜ್ಜಿ ಅಳಿಸಿದ ಸಂಖ್ಯೆಯೂ ಪೂರ್ತಿ ಅಳಿಯುವುದಿಲ್ಲ; ಅಚ್ಚು ಬಿದ್ದಾಗ ಕೆಳಗಿನ ಲೋಹ ಒತ್ತಿಕೊಂಡಿರುವುದರಿಂದ ವಿಧಿವಿಜ್ಞಾನ ಪ್ರಯೋಗಾಲಯದವರು ಆಮ್ಲ ಸವರಿ ಅದನ್ನು ಮತ್ತೆ ಮೂಡಿಸುತ್ತಾರೆ. ಮೂರು ರಾಜ್ಯಗಳ ಗಡಿ ಕೂಡುವ ನಮ್ಮ ಕಡೆ ಸೊಲ್ಲಾಪುರ, ಲಾತೂರು, ಜಹೀರಾಬಾದುಗಳಿಂದ ಹಳೆಯ ಗಾಡಿ, ಬಿಡಿಭಾಗ ಬಂದುಹೋಗುವುದು ದಿನನಿತ್ಯದ ಮಾತಾದ್ದರಿಂದ ಚಾಸಿ ಸಂಖ್ಯೆಯ ಬಳಿ ಹೊಸ ಬೆಸುಗೆ ಕಂಡ ನಿರೀಕ್ಷಕರು ಅನುಮಾನ ಪಡುವುದು ಸಹಜ. ರಿಪೇರಿ ಮಾಡಿಸುವವರು ಕತ್ತರಿಸುವ ಮೊದಲು, ನಡುವೆ, ಆಮೇಲೆ ಚಿತ್ರ ತೆಗೆದು, ಕೊಳವೆಯ ಬಿಲ್ಲು, ಕೂಲಿಯ ಬಿಲ್ಲು ಇಟ್ಟುಕೊಳ್ಳುವುದು ಇದಕ್ಕೇ.

ವಿಂಟೇಜ್ ನೋಂದಣಿಯ ಬಗ್ಗೆಯೂ ಹಲವರು ಕೇಳುತ್ತಾರೆ. 2021ರ ಜುಲೈನಲ್ಲಿ ಬಂದ ಆ ನಿಯಮಗಳು 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಇರುವ ಗಾಡಿಗಳಿಗೆ. ಚಾಸಿಯಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ಶುಲ್ಕ 20,000 ರೂಪಾಯಿ, ಓಡಿಸಬಹುದಾದದ್ದು ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳಲ್ಲಿ ಮಾತ್ರ. ರಾಜದೂತ್ 350ಯ ಮೊದಲ ಗಾಡಿಗಳಿಗೆ 50 ತುಂಬುವುದೇ 2033ಕ್ಕೆ. ಅದನ್ನು ಬಿಟ್ಟುಬಿಡಬಹುದು.

ಕಾಗದದ ಬಳಿಗೆ ಗಾಡಿಯನ್ನು ಒಯ್ಯುವುದು

ಎರಡು ತಿಂಗಳು ಈ ಲೆಕ್ಕಗಳನ್ನು ತಿರುವಿಹಾಕಿದ ಮೇಲೆ ನಮಗೆ ಹೊಳೆದದ್ದು ಪ್ರಶ್ನೆಯನ್ನೇ ತಲೆಕೆಳಗಾಗಿ ಹಿಡಿದಿದ್ದೇವೆ ಎಂಬುದು. ನಮ್ಮ ಆರ್‌ಸಿಗೆ ಒಂದು ಫ್ರೇಮು ತರುವ ಬದಲು, ಜೀವಂತ ಆರ್‌ಸಿ ಇರುವ ಗಟ್ಟಿ ಫ್ರೇಮಿನ ಬಳಿಗೆ ನಮ್ಮ ಎಂಜಿನ್ನು, ಟ್ಯಾಂಕು, ಗಾಲಿಗಳನ್ನು ಒಯ್ಯಬಹುದಲ್ಲ? ಎಂಜಿನ್ ಸುಟ್ಟುಹೋಗಿ ಅಥವಾ ಬಿಡಿಭಾಗ ಸಿಗದೆ ನಿಂತ ಅದೇ ಮಾದರಿಯ ಗಾಡಿಗಳು ನೆರೆಯ ಊರುಗಳಲ್ಲಿ ಇವೆ. ಓಡುವ ರಾಜದೂತ್ 350ಗೆ ಕೇಳುವ ಬೆಲೆಯನ್ನು ಎಂಜಿನ್ನಿಲ್ಲದ ಗಾಡಿಗೆ ಯಾರೂ ಕೇಳುವುದಿಲ್ಲ. ಇಲ್ಲಿ ಬದಲಾಗುವುದು ಎಂಜಿನ್ ಸಂಖ್ಯೆ. ಅದೇ ತಯಾರಿಕೆ, ಅದೇ ಬಗೆ. ಪೂರ್ವಾನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಿಕೊಳ್ಳುವುದಕ್ಕೆ ಚಾಸಿಯಷ್ಟು ತಕರಾರಿಲ್ಲ.

ಇದಕ್ಕೂ ಷರತ್ತುಗಳಿವೆ. ಮಾರುವವರ ಆರ್‌ಸಿ ಚಾಲ್ತಿಯಲ್ಲಿರಬೇಕು, ಅಥವಾ ಅವರೇ ನವೀಕರಿಸಿ ಕೊಡಬೇಕು. 2025ರ ಆಗಸ್ಟಿನಲ್ಲಿ ಪರಿಷ್ಕರಿಸಿದ ದರದಂತೆ 20 ವರ್ಷ ದಾಟಿದ ಮೋಟಾರ್‌ಸೈಕಲ್ಲಿನ ನವೀಕರಣಕ್ಕೆ 2,000 ರೂಪಾಯಿ. ನೋಂದಣಿ ರದ್ದಾದ ಗಾಡಿಯ ಚಾಸಿ ಎಷ್ಟೇ ಹೊಳೆಯುತ್ತಿದ್ದರೂ ನಮಗೆ ಉಪಯೋಗವಿಲ್ಲ. ತೆಲಂಗಾಣ ಅಥವಾ ಮಹಾರಾಷ್ಟ್ರದ ಗಾಡಿಯಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ, ಫಾರಂ 29 ಮತ್ತು 30ರ ವರ್ಗಾವಣೆ, ಕರ್ನಾಟಕದ ಹೊಸ ಸಂಖ್ಯೆ, ಇಲ್ಲಿನ ತೆರಿಗೆ. ಕೆಎ 32, 33 ಅಥವಾ 38ರ, ಅಂದರೆ ಕಲಬುರಗಿ, ಯಾದಗಿರಿ ಅಥವಾ ಬೀದರಿನ, ಗಾಡಿಯೇ ಸಿಕ್ಕರೆ ಅರ್ಧ ಓಡಾಟ ತಪ್ಪಿತು. ದುಡ್ಡು ಕೊಡುವ ಮೊದಲು ನಾವೇ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ನೋಡಬೇಕು, ಆರ್‌ಸಿಯ ಸಂಖ್ಯೆಯನ್ನು ಸರ್ಕಾರದ ‘ವಾಹನ್’ ಜಾಲತಾಣದ ದಾಖಲೆಯೊಡನೆ ತಾಳೆ ನೋಡಬೇಕು. ಹಳೆಯ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಏರಿಸುವಾಗ ಒಂದು ಅಂಕಿ ತಪ್ಪಿದ್ದರೆ ಅದು ಬಯಲಾಗುವುದು ಅತಿ ಸುರಕ್ಷಿತ ನಂಬರ್ ಪ್ಲೇಟಿಗೆ ಅರ್ಜಿ ಹಾಕಿದ ದಿನ. ಅಲ್ಲಿ ಚಾಸಿ ಸಂಖ್ಯೆಯ ಕೊನೆಯ ಅಂಕಿಗಳು ಹೊಂದದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಕಾಕಾಗೆ ಈ ಉಪಾಯ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಾಲ್ಕು ದಶಕ ಬಾಯಿಪಾಠವಾಗಿದ್ದ ನಂಬರು ಹೋಗಿ ಯಾರದೋ ನಂಬರು ಬರುತ್ತದೆ ಎಂಬುದು ಅವರ ಕೊರಗು. ಅದಕ್ಕೆ ಯಾವ ಫಾರಮ್ಮಿನಲ್ಲೂ ಕಲಂ ಇಲ್ಲ. ಕೊನೆಗೆ ಬೀದರ್ ಕಡೆಯ ಹಳ್ಳಿಯೊಂದರ ದನದ ಕೊಟ್ಟಿಗೆಯಲ್ಲಿ, ತೊಗರಿ ಹೊಟ್ಟಿನ ಮೂಟೆಗಳ ಹಿಂದೆ ನಿಂತಿದ್ದ ಗಾಡಿಯೊಂದನ್ನು ನೋಡಿ ಬಂದಿದ್ದೇವೆ. ಎಂಜಿನ್ ಜಾಮ್ ಆಗಿದೆ, ಚಾಸಿ ಬಡಿದರೆ ತುದಿಯಿಂದ ತುದಿಗೆ ಒಂದೇ ಸದ್ದು, ಸಂಖ್ಯೆ ಆರ್‌ಸಿಗೆ ಹೊಂದುತ್ತದೆ. ವ್ಯವಹಾರ ಮುಗಿದರೆ ಕಾಕಾನ ಗಾಡಿ ಕಾಯಂ ಆಗಿ ಬಳಕೆಗೆ ಬಾರದು ಎಂದು 55ನೇ ಕಲಮಿನಡಿ ಹದಿನಾಲ್ಕು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ ಅದರ ಆರ್‌ಸಿಯನ್ನು ಒಪ್ಪಿಸಬೇಕು. ಹೊಸ ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ ಬರೆಸುವಾಗ ಆ ಎಂಜಿನ್ ಎಲ್ಲಿಂದ ಬಂತು ಎಂದು ತೋರಿಸಲೂ ಆ ರದ್ದತಿಯ ಕಾಗದವೇ ಬೇಕು. ಹಳೆಯ ಚಾಸಿಯನ್ನು ಮಾತ್ರ ಗುಜರಿಗೆ ಹಾಕಬಾರದು ಎಂದು ಮಿಸ್ತ್ರಿ ಈಗಲೇ ಹೇಳಿದ್ದಾರೆ. ಅದರ ಹೆಡ್ಡಿನ ಮೇಲಿನ ಅಂಕಿಗಳು ಇನ್ನೂ ಸ್ಪಷ್ಟವಾಗಿವೆ.